ತೂಬು ಮುಚ್ಚದ ನೋವು

ನಾನು ನಿವೃತ್ತಳಾಗಿ ಎರಡು ವರ್ಷವಾಯಿತು. ಆದರೆ ನನ್ನ ಹೆಬ್ಬೆರಳುಗಳಿಗೆ ಅದು ಇನ್ನೂ ತಿಳಿದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕುತ್ತಿಗೆ ತಿರುಗಿಸಿ “ಹಾ” ಎಂದರೆ ಸಾಕು, ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂದು ಅವು ತಾವಾಗಿಯೇ ಹವಣಿಸುತ್ತವೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಕೊನೆಗೆ ಶಿಡ್ಲಘಟ್ಟದ ಕಡೆ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿ ನಾನು ಮಾಡಿದ್ದು ಫಿಸಿಯೋಥೆರಪಿ. ಆ ಹೆಸರು ನಮ್ಮ ಜನರ ಬಾಯಲ್ಲಿ ನಿಲ್ಲಲಿಲ್ಲ. ಮೊದಮೊದಲು “ಉಜ್ಜೋ ಡಾಕ್ಟ್ರಮ್ಮ” ಎಂದರು. ಯಂತ್ರಗಳು ಬಂದ ಮೇಲೆ “ಕರೆಂಟು ಕೊಡೋ ಡಾಕ್ಟ್ರಮ್ಮ” ಎಂದರು. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟೆ.

ಈಗ ಇದೇ ಕೆಲಸಕ್ಕೆ ಸೇರಿರುವ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಮುರಿದ ಮೂಳೆ, ಪಾರ್ಶ್ವವಾಯು ಇವುಗಳ ವಿಷಯಕ್ಕೆ ನನ್ನ ಹತ್ತಿರ ಬರುವುದಿಲ್ಲ. ಅವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೇಳುವುದು ಒಂದೇ ಪ್ರಶ್ನೆ: “ಮೇಡಂ, ರಿಪೋರ್ಟೆಲ್ಲಾ ನಾರ್ಮಲ್. ಆದ್ರೂ ಪೇಷಂಟ್ ಮೈಯೆಲ್ಲಾ ನೋವು ಅಂತ ಅಳ್ತಾರೆ. ಏನ್ ಹೇಳ್ಬೇಕು?” ಏನು ಹೇಳಬೇಕು ಎನ್ನುವುದಕ್ಕಿಂತ ಏನು ಹೇಳಬಾರದು ಎನ್ನುವುದನ್ನು ನಾನು ಕಲಿತೆ. ತಪ್ಪು ಮಾಡಿಯೇ ಕಲಿತದ್ದರಿಂದ ಅದನ್ನು ಬರೆದಿಡುವುದು ನ್ಯಾಯ.

ಕೆಲಸದ ಮೊದಲ ವರ್ಷಗಳಲ್ಲಿ ನಮಗೆ ಕಲಿಸಿದ್ದು ಸುಲಭವಾಗಿತ್ತು. ಎಲ್ಲಿ ಪೆಟ್ಟಾಗಿದೆಯೋ ಅಲ್ಲಿ ನೋವು. ಪೆಟ್ಟು ವಾಸಿಯಾದರೆ ನೋವು ಹೋಗುತ್ತದೆ. ಮೇಣ ಕಾಯಿಸು, ಕೈ ಅದ್ದಿಸು, ಶಾಖ ಕೊಡು, ಎಳಿ, ಒತ್ತು, ಮಡಿಸು. ಈ ಲೆಕ್ಕವನ್ನು ಮೊದಲು ಕೆಡಿಸಿದವರು ನಗರಗೆರೆ ಕಡೆಯ ಒಬ್ಬ ಮುದುಕರು. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಊರುಗೋಲಿನಲ್ಲಿ ನಡೆಸುವುದಕ್ಕೆಂದು ನನ್ನ ಹತ್ತಿರ ಕಳಿಸಿದ್ದರು.

“ಡಾಕ್ಟ್ರಮ್ಮ, ಕಾಲಿನ ಹೆಬ್ಬೆಟ್ಟು ಭಾಳಾ ಸೆಳೀತೈತೆ” ಎಂದರು.

ನಾನು ಎಡಗಾಲು ಹಿಡಿದುಕೊಂಡೆ.

“ಅದಲ್ಲಮ್ಮ, ಆ ಕಡೇದು.”

“ಆ ಕಡೇದು ಇಲ್ವಲ್ಲ ತಾತ!”

“ಅದೇ ನಾನೂ ಹೇಳ್ತಿರೋದು. ಇಲ್ದಿರೋದಕ್ಕೆ ಇಷ್ಟು ಜೋರೇನು ಅಂತ!” ಎಂದು ನಕ್ಕರು, ನಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡರು.

ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಹೆಬ್ಬೆಟ್ಟೇ ಇಲ್ಲ, ನೋವು ಇದೆ. ಹಾಗಾದರೆ ನೋವು ಕಾಲಲ್ಲಿ ಇರುವಂಥದ್ದಲ್ಲ. ನರಗಳು, ಬೆನ್ನುಹುರಿ, ಮೆದುಳು ಸೇರಿ ಅದನ್ನು ಕಟ್ಟುತ್ತವೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ. ಆದರೆ ನಂಬಿರಲಿಲ್ಲ. ಅಂದು ನಂಬಿದೆ. ನಂಬಿ ಮುಂದಿನ ಹಲವು ವರ್ಷ ಮರೆತುಬಿಟ್ಟೆ. ಏಕೆಂದರೆ ಆ ತಾತನನ್ನು ಯಾರೂ ಸುಳ್ಳುಗಾರ ಎನ್ನಲಿಲ್ಲ. ಕತ್ತರಿಸಿದ ಕಾಲು ಎಲ್ಲರ ಕಣ್ಣಿಗೂ ಕಾಣುತ್ತಿತ್ತಲ್ಲ! ಭಾಗ್ಯಮ್ಮನಿಗೆ ಹಾಗೆ ತೋರಿಸಲು ಏನೂ ಇರಲಿಲ್ಲ.

ಭಾಗ್ಯಮ್ಮ ಜಂಗಮಕೋಟೆಯ ಹತ್ತಿರದ ಹಳ್ಳಿಯವಳು. ವಯಸ್ಸು ನಲವತ್ತರೊಳಗೆ. ನಾನು ಶಿಡ್ಲಘಟ್ಟದ ಕಡೆಯ ಆಸ್ಪತ್ರೆಗೆ ವರ್ಗವಾಗಿ ಬಂದು ಇನ್ನೂ ಕೆಲವೇ ತಿಂಗಳಾಗಿದ್ದವು. ಅವಳನ್ನು ಕರೆತಂದದ್ದು ಅತ್ತೆ ಮುನಿವೆಂಕಟಮ್ಮ; ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿದ್ದ ಹೆಂಗಸು. ಅವರದು ರೇಷ್ಮೆ ಹುಳು ಸಾಕುವ ಮನೆ.

“ಎಲ್ಲೆಲ್ಲಿ ನೋವಮ್ಮ?” ಎಂದು ಕೇಳಿದೆ.

“ಎಲ್ಲಿ ಇಲ್ಲ ಅಂತ ಕೇಳಿ ಅಕ್ಕ, ಬೇಗ ಮುಗೀತೈತೆ” ಎಂದಳು ಭಾಗ್ಯಮ್ಮ.

ಕುತ್ತಿಗೆ, ಭುಜ, ಸೊಂಟ, ತೊಡೆ, ಮೊಣಕೈ. ಒಂದು ವರ್ಷದ ಮೇಲಾಗಿತ್ತು. ಬೆಳಿಗ್ಗೆ ಏಳುವಾಗ ರಾತ್ರಿಯೆಲ್ಲ ಯಾರೋ ತುಳಿದು ಹೋದಂತೆ ಇರುತ್ತಿತ್ತಂತೆ. ನಿದ್ದೆ ಮಾಡಿಯೂ ನಿದ್ದೆ ಮಾಡಿದಂತಲ್ಲ. ಒಲೆಯ ಮೇಲೆ ಏನಿಟ್ಟೆ ಎನ್ನುವುದೇ ಮರೆತುಹೋಗುತ್ತಿತ್ತು. ನಾನು ಭುಜದ ಮೇಲೆ ಬೆರಳಿಟ್ಟೆ, ಒತ್ತಲೂ ಇಲ್ಲ, ಅವಳು ಹಿಂದಕ್ಕೆ ಸರಿದಳು. “ನನ್ನ ಮೈ ಜ್ವರಕ್ಕೆ ಕೂತಿರೋ ಹುಳ ಇದ್ದಂಗೆ ಆಗೋಗೈತೆ ಅಕ್ಕ” ಎಂದಳು.

ಆ ಮಾತಿನ ಅರ್ಥ ನನಗೆ ಆಗ ಗೊತ್ತಾಗಲಿಲ್ಲ. ನಾನು ಮಂಚೇನಹಳ್ಳಿ ಕಡೆಯವಳು, ರಾಗಿ ಜೋಳದವಳು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆ ಹೊತ್ತಿನಲ್ಲಿ ಅದನ್ನು ಮುಟ್ಟಬಾರದು, ಅದು ಮಲಗಿರುವ ತಟ್ಟೆಯನ್ನೂ ಅಲುಗಿಸಬಾರದು. ಎಂದಿನ ಮುಟ್ಟುವಿಕೆಯನ್ನೇ ಅದು ಆಗ ತಡೆಯದು. ಅವಳು ತನ್ನ ರೋಗವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು. ನಾನು ಕಿವಿಯ ಮೇಲೆ ಹಾಕಿಕೊಳ್ಳದೆ ಅವಳ ಚೀಟಿ ತೆಗೆದು ನೋಡಿದೆ. ಮೂಳೆ ಡಾಕ್ಟರು ಬರೆದಿದ್ದರು: ಎಕ್ಸ್‌ರೇ ಸರಿಯಿದೆ, ರಕ್ತ ಸರಿಯಿದೆ.

“ಏನೂ ಇಲ್ಲಮ್ಮ, ಎಲ್ಲಾ ಚೆನ್ನಾಗಿದೆ!” ಎಂದೆ, ಧೈರ್ಯ ಹೇಳಿದಂತೆ ಗಟ್ಟಿಯಾಗಿ.

ಮುನಿವೆಂಕಟಮ್ಮ ಸೊಸೆಯ ಕಡೆ ತಿರುಗಿದರು. “ಕೇಳ್ದೇನೇ? ಡಾಕ್ಟ್ರಮ್ಮಾನೇ ಹೇಳ್ತಾ ಅವ್ರೆ. ಏನೂ ಇಲ್ಲ.”

ಭಾಗ್ಯಮ್ಮ ನನ್ನನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಆ ನೋಟದ ಅರ್ಥ ಆಮೇಲೆ ತಿಳಿಯಿತು: ಇನ್ನು ಮನೆಯಲ್ಲಿ ಅವಳು ನೋವು ಎಂದಾಗಲೆಲ್ಲ ನನ್ನ ಮಾತನ್ನೇ ಎತ್ತಿ ಅವಳ ಬಾಯಿ ಮುಚ್ಚಿಸುತ್ತಾರೆ. ಮಕ್ಕಳೇ, ನೆನಪಿಡಿ. ನಾವು “ಏನೂ ಇಲ್ಲ” ಎಂದರೆ ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು. ಮನೆಯವರಿಗೆ ಅದು ಕೇಳಿಸುವುದು ನೋವೇ ಇಲ್ಲ ಎಂದು.

ಹತ್ತು ದಿನ ಬರಲು ಹೇಳಿದ್ದೆ, ಅವಳೊಬ್ಬಳೇ ಬರತೊಡಗಿದಳು. ಎರಡನೆಯ ತಪ್ಪು ಮಾಡಿದ್ದು ಆಗ. ಶಾಖಕ್ಕೂ ಯಂತ್ರಕ್ಕೂ ನೋವು ಬಗ್ಗದಿದ್ದಾಗ ಕಪಾಟಿನಲ್ಲಿದ್ದ ಗಾಟು ವಾಸನೆಯ ನೋವಿನೆಣ್ಣೆ ತೆಗೆದೆ.

“ಬ್ಯಾಡಕ್ಕ” ಎಂದಳು. “ಮನೇಲಿ ಹುಳ ಐತೆ. ವಾಸ್ನೆ ಆಗಲ್ಲ.”

“ಒಂದು ದಿನಕ್ಕೆ ಏನಾಗುತ್ತೆ ಬಿಡೇ. ವಾಸನೆ ಇದ್ರೇನೇ ಔಷಧಿ!” ಎಂದು ತಮಾಷೆ ಮಾಡಿ ಕುತ್ತಿಗೆಯಿಂದ ಸೊಂಟದವರೆಗೆ ಹಚ್ಚಿಯೇಬಿಟ್ಟೆ.

ಆ ಸೀಮೆಯಲ್ಲಿ ಹುಳು ಇರುವ ಮನೆಯವರು ಬಾಮು ಹಚ್ಚುವುದಿಲ್ಲ, ಸೆಂಟು ಹಾಕುವುದಿಲ್ಲ, ಸೊಳ್ಳೆಬತ್ತಿ ಹಚ್ಚುವುದಿಲ್ಲ. ನೆಂಟರು ಬೀಡಿ ಸೇದಿ ಬಂದರೆ ಹುಳುಮನೆಯ ಬಾಗಿಲಿಗೂ ಬಿಡುವುದಿಲ್ಲ. ಚಿಕ್ಕ ಮಗುವಿಗೂ ಗೊತ್ತಿರುವ ಈ ವಿಷಯ ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಗೊತ್ತಿದ್ದವಳು ಬಾಯಿಬಿಟ್ಟು ಹೇಳಿದರೂ ಕೇಳಲಿಲ್ಲ. ಮಾರನೆಯ ದಿನದಿಂದ ಅವಳು ಬರಲಿಲ್ಲ.

ಇದೇ ದಿನಗಳಲ್ಲಿ ನಮ್ಮ ಮೂಳೆ ಡಾಕ್ಟರು ಯಾವುದೋ ತರಬೇತಿಗೆ ಹೋಗಿ ಬಂದರು. ಕೋಪಿಷ್ಠ ಮನುಷ್ಯ. ಚೀಟಿಯ ಮೂಲೆಯಲ್ಲಿ “ಮಾನಸಿಕವೇ?” ಎಂದು ಪ್ರಶ್ನೆ ಗುರುತು ಹಾಕಿ ಎಷ್ಟೋ ಹೆಂಗಸರನ್ನು ನನ್ನ ಕೋಣೆಗೆ ಸಾಗಹಾಕಿದವರು. ಒಂದು ಮಧ್ಯಾಹ್ನ, ರೋಗಿಗಳು ಖಾಲಿಯಾದ ಮೇಲೆ, ಒಂದು ಕಾಗದ ಹಿಡಿದು ಬಂದು ನನ್ನೆದುರಿನ ಮಂಚದ ಮೇಲೆ ಕೂತರು.

“ಕಮಲಮ್ಮ, ನೀನಿದ್ದ ಕಡೆ ನೀನು, ನಾನಿದ್ದ ಕಡೆ ನಾನು, ಇಷ್ಟು ವರ್ಷ ಒಂದೇ ತಪ್ಪು ಮಾಡಿದೀವಿ ಕಣಮ್ಮ.”

ನಾನು ಯಾವ ರೋಗಿಗೆ ಏನಾಯಿತೋ ಎಂದು ಹೆದರಿದೆ. ಅವರು ಹೇಳಿದ ಹೆಸರು ಫೈಬ್ರೊಮಯಾಲ್ಜಿಯ. ಹೆಸರು ನಾನು ಕೇಳಿದ್ದೆ. ಒಳಗೆ ಏನಾಗುತ್ತದೆ ಎಂಬುದನ್ನು ಅವರು ಚೀಟಿಯ ಹಿಂಭಾಗದಲ್ಲಿ ಬೆನ್ನುಹುರಿ ಬರೆದು ತೋರಿಸಿದರು. ಅರ್ಧ ಇಂಗ್ಲಿಷು, ಅರ್ಧ ಬಾಣದ ಗುರುತು. ಕೊನೆಗೆ, “ನನಗೆ ಇದು ಇಂಗ್ಲಿಷಲ್ಲಿ ಮಾತ್ರ ಬರುತ್ತೆ. ಜನಕ್ಕೆ ಹೆಂಗೆ ಹೇಳ್ತೀಯೋ ನಿನಗೆ ಬಿಟ್ಟಿದ್ದು” ಎಂದು ಎದ್ದು ಹೋದರು. ಮೇಲಧಿಕಾರಿಗಳಲ್ಲಿ ತಪ್ಪು ಮಾಡದವರನ್ನು ನಾನು ಕಾಣಲಿಲ್ಲ. ತಪ್ಪನ್ನು ನಡೆದು ಬಂದು ಹೇಳಿದವರನ್ನು ಕಂಡದ್ದು ಅವರೊಬ್ಬರನ್ನೇ.

ನಾನು ಅದನ್ನು ನಮ್ಮ ತಾತನ ಕೆಲಸದಿಂದ ಅರ್ಥ ಮಾಡಿಕೊಂಡೆ. ತಾತ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ, ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುವವನು. ನನ್ನ ಮಾತು, ಮಾತಿನ ಓಟ, ಎಲ್ಲ ಅವನ ಹಿಂದೆ ಕಟ್ಟೆಯ ಮೇಲೆ ಓಡಾಡಿ ಕಲಿತದ್ದು.

ನಮ್ಮ ಚರ್ಮ, ಸ್ನಾಯು, ಕೀಲುಗಳಿಂದ ಹಗಲೂ ರಾತ್ರಿ ಸುದ್ದಿ ಹರಿಯುತ್ತಲೇ ಇರುತ್ತದೆ. ಒತ್ತಿತು, ಎಳೆಯಿತು, ಬಿಸಿಯಾಯಿತು, ಬಳೆ ತಗಲಿತು. ಈ ಸುದ್ದಿ ನರಗಳ ಕಾಲುವೆಯಲ್ಲಿ ಬೆನ್ನುಹುರಿಗೆ ಬರುತ್ತದೆ. ಅಲ್ಲಿ ಒಂದು ತೂಬು ಇದೆ ಎಂದುಕೊಳ್ಳಿ. ಎಲ್ಲ ಸುದ್ದಿಯೂ ಮೆದುಳಿಗೆ ಹೋದರೆ ಮನುಷ್ಯ ಬದುಕಲಾರ. ಆದ್ದರಿಂದ ಮೆದುಳು ಮೇಲಿನಿಂದ ಹೇಳಿಕಳಿಸುತ್ತಿರುತ್ತದೆ: ಸಾಕು, ಇದು ದೊಡ್ಡ ವಿಷಯವಲ್ಲ, ಇಳಿಸು. ತೂಬು ಇಳಿಯುತ್ತದೆ. ಬೆಳಿಗ್ಗೆ ಹಾಕಿದ ಬಳೆ ಮಧ್ಯಾಹ್ನಕ್ಕೆ ಮರೆತುಹೋಗುವುದು ಹೀಗೆ. ಈ ರೋಗದಲ್ಲಿ ಎರಡು ಕೆಡುತ್ತವೆ. ಬೆನ್ನುಹುರಿಯೂ ಮೆದುಳೂ ಸಣ್ಣ ಸುದ್ದಿಯನ್ನು ದೊಡ್ಡದು ಮಾಡುತ್ತವೆ. ಮೇಲಿನಿಂದ ಬರಬೇಕಾದ “ಇಳಿಸು” ಎಂಬ ಮಾತು ಕ್ಷೀಣವಾಗುತ್ತದೆ. ತೂಬು ತೆರೆದೇ ಇರುತ್ತದೆ. ನಿದ್ದೆ ಕೆಟ್ಟರೆ ಇನ್ನಷ್ಟು ತೆರೆಯುತ್ತದೆ, ಚಿಂತೆಯಾದರೆ ಇನ್ನಷ್ಟು. ಆಗ ಮುಟ್ಟುವಿಕೆಯೇ ನೋವಾಗುತ್ತದೆ, ಸಣ್ಣ ನೋವು ದೊಡ್ಡ ನೋವಾಗುತ್ತದೆ. ಎಷ್ಟೋ ಜನರಿಗೆ ಬೆಳಕು, ಸದ್ದು, ವಾಸನೆಯೂ ಹೆಚ್ಚೆನಿಸುತ್ತವೆ.

ಇಲ್ಲಿ ಒಂದು ಮಾತು ಸರಿಯಾಗಿ ಕೇಳಿಸಿಕೊಳ್ಳಿ. ಹೆಚ್ಚು ಮಳೆ ಬಂದಿಲ್ಲ; ಮೂಳೆಗೂ ಸ್ನಾಯುವಿಗೂ ಪೆಟ್ಟಾಗಿಲ್ಲ. ಅದಕ್ಕೇ ಎಕ್ಸ್‌ರೇ ಚೆನ್ನಾಗಿರುತ್ತದೆ. ಆದರೆ ಗದ್ದೆ ಮುಳುಗಿರುವುದು ನಿಜ. ಮುಳುಗಿದ ಗದ್ದೆಯ ಬದಿಯಲ್ಲಿ ನಿಂತು ಮಳೆಯೇ ಬಂದಿಲ್ಲವಲ್ಲ ಎಂದು ವಾದಿಸಿದರೆ ಏನು ಪ್ರಯೋಜನ? ಏಕೆ ಹೀಗಾಗುತ್ತದೆ ಎಂದು ಪೂರ್ತಿಯಾಗಿ ದೊಡ್ಡವರಿಗೂ ಗೊತ್ತಿಲ್ಲ. ಮಾಮೂಲು ನೋವಿನ ಮಾತ್ರೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ನರಗಳನ್ನು ಸಮಾಧಾನ ಮಾಡುವ ಕೆಲವು ಔಷಧಿಗಳು ಕೆಲವರಿಗೆ ಒಗ್ಗುತ್ತವೆ. ಅದು ಡಾಕ್ಟರ ಕೆಲಸ. ನಮ್ಮ ಕೆಲಸ, ಮೈಯನ್ನು ಸ್ವಲ್ಪ ಸ್ವಲ್ಪವೇ ಚಲನೆಗೆ ಒಗ್ಗಿಸುವುದು, ನಿದ್ದೆ ಸರಿಮಾಡಿಸುವುದು, ದುಡಿಮೆಯನ್ನು ತುಂಡು ತುಂಡಾಗಿ ಹಂಚಿಕೊಳ್ಳಲು ಕಲಿಸುವುದು. ಅದಕ್ಕೂ ಮೊದಲು, ನಂಬುವುದು.

ಇದೆಲ್ಲ ತಿಳಿದ ಮೇಲೆ ನಾನು ಹುಡುಕಿದ್ದು ಭಾಗ್ಯಮ್ಮನನ್ನು. ಅವಳು ಸಿಗಲಿಲ್ಲ, ಅವಳ ಗಂಡ ಸಿಕ್ಕಿದ. ಆಂಜಿನಪ್ಪ ಕೈ ಉಳುಕಿಸಿಕೊಂಡು ಆಸ್ಪತ್ರೆಗೆ ಬಂದಿದ್ದ. ಮಾತು ಕಡಿಮೆಯ ಮನುಷ್ಯ. ಭಾಗ್ಯಮ್ಮ ಯಾಕೆ ಬರುತ್ತಿಲ್ಲ ಎಂದು ಕೈಗೆ ಪಟ್ಟಿ ಸುತ್ತುತ್ತಾ ಕೇಳಿದೆ.

“ಬೆಳೆ ಹೋಯ್ತು ಮೇಡಂ” ಎಂದ. “ನಾಕನೇ ಜ್ವರ ಎದ್ದು ಮೂರು ದಿನಕ್ಕೆ ಹುಳ ಎಲ್ಲಾ ಸಪ್ಪೆ ಆಗೋದ್ವು. ಬಾಮು ಹಚ್ಕೊಂಡು ಒಳಗೋಗವ್ಳೆ. ಅಂಗಡೀಲಿ ತಗೊಂಡೆ ಅಂದ್ಳು. ನಮ್ಮಮ್ಮ ಹುಳುಮನೆ ಬೀಗ ಕಿತ್ಕೊಂಡವ್ರೆ. ಇನ್ಮೇಲೆ ಒಳಗೆ ಕಾಲಿಡಂಗಿಲ್ಲ ಅಂತ.”

ಅಂಗಡಿಯಲ್ಲಿ ಕೊಂಡೆ ಎಂದಳೇ?

“ಈಗ ಏನ್ ಮಾಡ್ತಾಳೆ?”

“ದನ ನೋಡ್ತಾಳೆ, ಹುಲ್ಲು ಹೊರ್ತಾಳೆ. ಮಾತಾಡಲ್ಲ.” ಆಮೇಲೆ ಸೇರಿಸಿದ, “ನಮ್ ಬೀದೀಲಿ ಯಾರ ಮನೆ ಹುಳ ಮಂಕಾದ್ರೂ ಅವ್ಳನ್ನೇ ಕರೀತಿದ್ರು ಮೇಡಂ. ಒಂದ್ಸಲ ಮೂಸಿ ನೋಡಿ ಹೇಳ್ಬಿಡೋಳು. ಈಗ ಯಾರೂ ಕರೆಯಲ್ಲ.”

ಹುಲ್ಲು ಹೊರೆ ಹೊರುವುದು ಆ ಮೈಗೆ ಆಗದ ಕೆಲಸ ಎಂಬುದು ಒಂದು ಕಡೆ. ಇನ್ನೊಂದು ಕಡೆ, ಅವಳು ಬದುಕಿನಲ್ಲಿ ಚೆನ್ನಾಗಿ ಬಲ್ಲ ಒಂದೇ ಕೆಲಸದಿಂದ ಅವಳನ್ನು ಹೊರಗೆ ಹಾಕಿದ್ದರು. ಸುಳ್ಳುಗಾತಿ, ಮೈಗಳ್ಳಿ, ಈಗ ಬೆಳೆ ಕೆಡಿಸಿದವಳು. ಮೂರರಲ್ಲಿ ಎರಡಕ್ಕೆ, ಮೊದಲನೆಯದಕ್ಕೂ ಕೊನೆಯದಕ್ಕೂ, ನಾನು ಕಾರಣ.

“ನಾಳೆ ನಾನು ನಿಮ್ಮೂರಿಗೆ ಬರ್ತೀನಿ” ಎಂದೆ.

ಮಾರನೆಯ ದಿನ ರಜೆ ಹಾಕಿ ಹೋದೆ. ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿ, ಮುಖಕ್ಕೆ ಪೌಡರು ಕೂಡ ಹಚ್ಚದೆ ಹೊರಟಿದ್ದೆ. ಅಷ್ಟಾದರೂ ಬುದ್ಧಿ ಬಂದಿತ್ತು. ಚೀಲದಲ್ಲಿ ರಕ್ತದೊತ್ತಡ ನೋಡುವ ಪಟ್ಟಿ ಇತ್ತು, ಗಡಿಯಾರದಂತೆ ಮುಳ್ಳಿರುವಂಥದ್ದು. ಊರಿನಲ್ಲಿ ಹುಳುಮನೆ ಖಾಲಿಯಿತ್ತು. ಹೊಸ ಹುಳು ಬರುವ ಮುಂಚೆ ಎಲ್ಲವನ್ನೂ ತೊಳೆಯುತ್ತಿದ್ದರು. ತಟ್ಟೆ, ಸ್ಟ್ಯಾಂಡು, ಬಲೆ, ಎಲ್ಲ ಅಂಗಳದಲ್ಲಿ ಬಿಸಿಲಿಗೆ ಹರಡಿತ್ತು. ಮುನಿವೆಂಕಟಮ್ಮ ಸೀರೆ ಎತ್ತಿಕಟ್ಟಿ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಒಂದೊಂದನ್ನೇ ಉಜ್ಜುತ್ತಿದ್ದರು. ಭಾಗ್ಯಮ್ಮ ಆಚೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು, ಅಂಗಳಕ್ಕೆ ಬರಲಿಲ್ಲ.

ಜಗಲಿಯ ಮೇಲೆ ಕೂತು, ನೀರು ಕುಡಿದು, ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿದೆ. “ಅಮ್ಮಾ, ಆ ಎಣ್ಣೆ ಅವಳು ಅಂಗಡೀಲಿ ತಗೊಂಡಿದ್ದಲ್ಲ. ನಾನು ಹಚ್ಚಿದ್ದು. ಬೇಡ ಅಂದ್ಳು, ಮನೇಲಿ ಹುಳ ಇದೆ ಅಂದ್ಳು. ನಾನು ಕೇಳಲಿಲ್ಲ.”

ಮುದುಕಿ ಉಜ್ಜುವುದನ್ನು ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ, ಕೊಟ್ಟಿಗೆಯ ಕಡೆ ನೋಡಿದರು.

“ಏಮೇ, ನೀನ್ಯಾಕೆ ಅಂಗಡೀಲಿ ತಗೊಂಡೆ ಅಂದೆ?”

“ಅಕ್ಕನ್ನ ಬೈತೀರಿ ಅಂತ” ಎಂದಳು ಭಾಗ್ಯಮ್ಮ.

“ಬೈದ್ರೆ ಇವಳ ಮೈಯೇನ್ ಸವ್ದೋಯ್ತಿತ್ತಾ? ಸರ್ಕಾರಿ ಮೈ!”

ನನಗೆ ಅದು ಬೇಕಾಗಿತ್ತು. ಎಣ್ಣೆಯ ವಾಸನೆಯಿಂದಲೇ ಹುಳು ಹೋದವೋ, ಆ ವಾರದ ಸೆಕೆಯಿಂದಲೋ, ರೇಷ್ಮೆ ಇಲಾಖೆಯವರು ಆಮೇಲೆ ಎರಡೂ ಇರಬಹುದು ಎಂದರು. ನನಗೆ ಇಂದಿಗೂ ಗೊತ್ತಿಲ್ಲ. ಆ ಅನುಮಾನವನ್ನು ಆ ದಿನ ನನ್ನ ರಕ್ಷಣೆಗೆ ಬಳಸಿಕೊಳ್ಳಬಾರದು ಎಂದಷ್ಟೇ ಗೊತ್ತಿತ್ತು.

“ಸರಿ, ಎಣ್ಣೆ ಸಮಾಚಾರ ಆಯ್ತು” ಎಂದರು ಮುದುಕಿ. “ನೋವು? ನೀನೇ ಅಲ್ವಾ ಏನೂ ಇಲ್ಲ ಅಂದಿದ್ದು? ಈಗ ಐತೆ ಅಂತೀಯ. ಯಾವುದು ಅಬದ್ಧ, ಯಾವುದು ನಿಜ?”

ತೂಬಿನ ಕಥೆ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ ಎಂದು ನಾನೇ ಅಂದುಕೊಂಡೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದರು: “ಯಾರೂ ಇಲ್ದಾಗ ನೀರುಗಂಟಿ ತನಗೆ ಬೇಕಾದೋರ ಗದ್ದೆಗೆ ಬಿಟ್ಕೊಳಲ್ಲ ಅಂತ ಯಾರು ಹೇಳ್ದೋರು?”

“ನಮ್ಮ ತಾತಾನೇ ನೀರುಗಂಟಿ ಕಣಮ್ಮ.”

“ಅದಕ್ಕೇ ಅಷ್ಟು ಚೆಂದಾಗಿ ಹೇಳ್ದೆ!” ಎಂದರು. ಆಂಜಿನಪ್ಪ ನಗು ತಡೆಯಲಾರದೆ ಆ ಕಡೆ ತಿರುಗಿದ.

ಮಾತು ಇಲ್ಲಿ ನಡೆಯುವುದಿಲ್ಲ ಎಂದು ತಿಳಿದು ಚೀಲದಿಂದ ಪಟ್ಟಿ ತೆಗೆದೆ. ಹೊಸಬರಿಗೆ ಎಚ್ಚರಿಕೆ: ಇದು ರೋಗ ಗುರುತಿಸುವ ಪರೀಕ್ಷೆಯಲ್ಲ. ಅದಕ್ಕೆ ಬೇರೆ ಕ್ರಮವಿದೆ, ಬೇರೆ ಕಾಯಿಲೆಗಳನ್ನು ಮೊದಲು ತಳ್ಳಿಹಾಕಬೇಕು. ಅಂದು ನನಗೆ ಬೇಕಿದ್ದದ್ದು ಆ ಮುದುಕಿ ತನ್ನ ಕೈಯಾರೆ ನೋಡುವಂಥ ಏನಾದರೂ. ಭಾಗ್ಯಮ್ಮನನ್ನು ಕೇಳಿದೆ. “ನೋವಾಗುತ್ತೆ, ಬೇಡ ಅಂದ್ರೆ ಬೇಡ.”

“ಹಾಕಕ್ಕ” ಎಂದು ಅಂಗಳಕ್ಕೆ ಬಂದಳು.

ಮೊದಲು ಮುನಿವೆಂಕಟಮ್ಮನ ತೋಳಿಗೆ ಸುತ್ತಿದೆ. ಗಾಳಿ ತುಂಬುವ ರಬ್ಬರ್ ಬುರುಡೆ ಹಿಸುಕುತ್ತಾ ಹೋದೆ, ಮುಳ್ಳು ಏರುತ್ತಾ ಹೋಯಿತು. “ನೋವು ಅನ್ನಿಸಿದ ಕೂಡಲೇ ಹೇಳಿ.” “ಬಿಗೀತೈತೆ ಅಷ್ಟೆ… ಬಿಗೀತೈತೆ…” ಮುಳ್ಳು ಅರ್ಧ ಸುತ್ತು ದಾಟಿ ಬಹಳ ಮೇಲೆ ಹೋಯಿತು. “ಹಾ, ಈಗ.” ಎಲೆಯಡಿಕೆ ಚೀಲದಿಂದ ಬೆರಳ ತುದಿಗೆ ಸುಣ್ಣ ತೆಗೆದು ಗಾಜಿನ ಮೇಲೆ ಮುಳ್ಳು ನಿಂತ ಕಡೆ ತಾವೇ ಒಂದು ಬೊಟ್ಟಿಟ್ಟರು.

ಆಮೇಲೆ ಭಾಗ್ಯಮ್ಮನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದೆ. ಗಡಿಯಾರ ಕಾಣದಂತೆ. ಬುರುಡೆಯನ್ನು ಅತ್ತೆಯ ಕೈಗೇ ಕೊಟ್ಟೆ. ಒಂದೆರಡು ಹಿಸುಕಿಗೆ ಮುಳ್ಳು ಸ್ವಲ್ಪ ಏರಿತು.

“ಸಾಕು ಅತ್ತೆ!”

ಮೊದಲಿನ ಬೊಟ್ಟಿಗಿಂತ ಬಹಳ ಕೆಳಗೆ ಇನ್ನೊಂದು ಬೊಟ್ಟು ಬಿತ್ತು. “ನಾಟಕ” ಎಂದರು ಮುದುಕಿ. ಗಾಳಿ ಬಿಟ್ಟು, ಸ್ವಲ್ಪ ತಡೆದು ಈ ಸಲ ಬಹಳ ನಿಧಾನವಾಗಿ ಹಿಸುಕಿದರು. “ಸಾಕು” ಎಂದು ಬಂತು. ಮುಳ್ಳು ಅದೇ ಬೊಟ್ಟಿನ ಪಕ್ಕದಲ್ಲಿ. ಮೂರನೆಯ ಸಲ ಗಬಗಬನೆ ಹಿಸುಕಿದರು, ಲೆಕ್ಕ ತಪ್ಪಿಸಿ ಸುಳ್ಳು ಹಿಡಿಯುವವರಂತೆ. ಮತ್ತೆ ಅಲ್ಲೇ. ಮೂರು ಬೊಟ್ಟುಗಳು ಒಂದಕ್ಕೊಂದು ತಗುಲಿಕೊಂಡಿದ್ದವು.

ನಾಲ್ಕನೆಯ ಸಲ ಅವರು ಮಾಡಿದ್ದು ನನಗೆ ಹೊಳೆದೇ ಇರಲಿಲ್ಲ. ಮುಳ್ಳು ಇನ್ನೂ ಬೊಟ್ಟಿಗಿಂತ ಕೆಳಗಿರುವಾಗಲೇ ನಿಲ್ಲಿಸಿ, ಬಹಳ ಕಕ್ಕುಲಾತಿಯ ದನಿಯಲ್ಲಿ ಕೇಳಿದರು: “ಈಗ ನೋವು ಬಂದಿರ್ಬೇಕಲ್ಲಮ್ಮಾ?”

“ಇಲ್ಲ ಅತ್ತೆ” ಎಂದಳು ಗೋಡೆ ನೋಡುತ್ತಾ ಭಾಗ್ಯಮ್ಮ. “ಇನ್ನೂ ಇಲ್ಲ.”

ಮುದುಕಿ ಬುರುಡೆ ಕೆಳಗಿಟ್ಟರು. ಪಟ್ಟಿಯನ್ನು ತಾವೇ ಬಿಚ್ಚಿದರು. ಬಿಚ್ಚಿದ ತೋಳನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು: “ಇಷ್ಟಕ್ಕೇ ನೋವಾಗುತ್ತಾ ನಿಂಗೆ? ಮತ್ತೆ ಬಳೆ ಹೆಂಗೆ ಹಾಕ್ಕೊಂತೀಯೆ?”

“ಅದಕ್ಕೇ ಅತ್ತೆ, ಎರಡೇ ಹಾಕ್ಕೊಂಡಿರೋದು.”

ಮದುವೆ ಮುಂಜಿಗೆ ಬೋಳುಕೈಯಲ್ಲಿ ಬರುತ್ತೀಯ ಎಂದು ಆ ಬಳೆಯ ವಿಷಯಕ್ಕೂ ಅವಳಿಗೆ ವರ್ಷವಿಡೀ ಬೈಗುಳ ಬಿದ್ದಿತ್ತಂತೆ. ಇದನ್ನು ಆಂಜಿನಪ್ಪ ಆಮೇಲೆ ಹೇಳಿದ. ಮುನಿವೆಂಕಟಮ್ಮ “ಏಮೋ ತಲ್ಲೀ”, ಏನೋ ತಾಯಿ, ಎಂದು ತೆಲುಗಿನಲ್ಲಿ ತಮಗೆ ತಾವೇ ಅಂದುಕೊಂಡು ನನ್ನ ಕಡೆ ತಿರುಗಿದರು.

“ಜ್ವರಕ್ಕೆ ಕೂತಿರೋ ಹುಳ ಇದ್ದಂಗೆ ಅಂತ ಇವ್ಳು ಹೇಳ್ತಿದ್ಲು. ನಾನೆಲ್ಲೋ ಮಾತು ಕಲ್ತವ್ಳೆ ಅಂದ್ಕೊಂಡೆ. ಹುಳಾನಾದ್ರೆ ಒಂದು ದಿನ ಬಿಟ್ರೆ ಎದ್ದೇಳ್ತೈತೆ. ಇದು?”

ಅವರಿಗೆ ಸುಳ್ಳು ಹೇಳಬಾರದು ಎನಿಸಿತು. “ಇದು ಒಂದು ದಿನಕ್ಕೆ ಏಳಲ್ಲ ಅಮ್ಮ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಕಡಿಮೆ ಮಾಡ್ಕೋಬಹುದು. ಹೊರೆ ಹೊರೋದು ಈಗ ಬೇಡ. ಸುಮ್ನೆ ಮಲಗಿರೋದೂ ಬೇಡ, ಅದರಿಂದ ಇನ್ನೂ ಹದಗೆಡುತ್ತೆ. ಕೆಲಸ ಬೇಕು, ಬಿಟ್ಟು ಬಿಟ್ಟು ಮಾಡ್ಬೇಕು. ದಿನಾ ಒಂದಷ್ಟು ನಡೀಬೇಕು. ರಾತ್ರಿ ನಿದ್ದೆ ಕೆಡಬಾರದು.”

ನಾನು ಹೇಳಿದಂತೆಯೇ ಆಯಿತು ಎಂದು ಇಲ್ಲೇ ಬರೆದುಬಿಡುತ್ತೇನೆ. ಪವಾಡ ನಿರೀಕ್ಷಿಸಿ ಓದುವವರಿಗೆ ಮೋಸವಾಗಬಾರದು. ಭಾಗ್ಯಮ್ಮನ ನೋವು ಹೋಗಲಿಲ್ಲ. ಡಾಕ್ಟರು ಬದಲಿಸಿಕೊಟ್ಟ ಔಷಧಿಗೆ ನಿದ್ದೆ ಸ್ವಲ್ಪ ಸುಧಾರಿಸಿತು. ದಿನವೂ ಕೆರೆ ಕಟ್ಟೆಯ ಮೇಲೆ ನಡೆದಳು, ಮೊದಲು ಹತ್ತು ಹೆಜ್ಜೆಗೆ ಸುಸ್ತು, ಆಮೇಲೆ ಆ ತುದಿಯವರೆಗೆ. ಒಳ್ಳೆಯ ದಿನಗಳು ಹೆಚ್ಚಾದವು. ಕೆಟ್ಟ ದಿನಗಳು ಇದ್ದೇ ಇದ್ದವು. ನಾನು ನಿವೃತ್ತಳಾಗುವವರೆಗೂ ಅವಳು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಳು.

ಆದರೆ ಆ ದಿನ ಅಂಗಳದಲ್ಲಿ ಇನ್ನೂ ಒಂದು ಮಾತು ಉಳಿದಿತ್ತು. ಮುನಿವೆಂಕಟಮ್ಮ ಸೆರಗಿನಿಂದ ಬೀಗದ ಕೈ ಬಿಚ್ಚಿ ಚಾಚಿದರು.

“ತಗೋ. ಶುಕ್ರವಾರ ಹುಳ ಬರ್ತೈತೆ.”

ಭಾಗ್ಯಮ್ಮ ಕೈ ಚಾಚಲಿಲ್ಲ. “ನಿಂತ್ಕೊಂಡು ಮಾಡಕ್ಕಾಗಲ್ಲ ಅತ್ತೆ. ಕೆಳಗಿನ ಸ್ಟ್ಯಾಂಡಿಗೆ ಕುಕ್ಕರುಗಾಲಲ್ಲಿ ಕೂತ್ಕೊಳ್ಳಕ್ಕೂ ಆಗಲ್ಲ. ಕುರ್ಚಿ ಹಾಕ್ಕೊಂತೀನಿ. ನಡುನಡುವೆ ಎದ್ದು ಈಚೆ ಬರ್ತೀನಿ. ಯಾಕ್ ಬಂದೆ ಅಂತ ಕೇಳಂಗಿಲ್ಲ.”

ಹುಳುಮನೆಯಲ್ಲಿ ಕುರ್ಚಿ! ಮನೆಯ ವಸ್ತು ಹುಳುಮನೆಗೆ ಹೋಗುವುದಿಲ್ಲ, ಹೋದದ್ದು ಹೊರಗೆ ಬರುವುದಿಲ್ಲ. ಅಲ್ಲಿ ಕೂತು ದುಡಿದವರನ್ನು ಆ ಊರು ಕಂಡಿರಲಿಲ್ಲ. ಆಂಜಿನಪ್ಪ ತಾಯಿಯ ಮುಖ ನೋಡಿದ. ನಾನೂ ನೋಡಿದೆ. ಮುದುಕಿಯ ದವಡೆ ಎರಡು ಸಲ ಆಡಿತು.

“ಏನೋ ನಿಂತ್ಕೊಂಡ್ ನೋಡ್ತೀಯ?” ಎಂದು ಮಗನ ಮೇಲೆ ಹರಿಹಾಯ್ದರು. “ಒಳಗಿನಿಂದ ಆ ನೀಲಿ ಕುರ್ಚಿ ತಗೊಂಬಾ.”

ಅವನು ತಂದ. ಅವರು ಅದನ್ನು ಬೋರಲು ಹಾಕಿ, ಬ್ಲೀಚಿಂಗ್ ನೀರು ಸುರಿದು ಉಜ್ಜತೊಡಗಿದರು. ಕೂರುವ ಕಡೆ, ಒರಗುವ ಕಡೆ, ಕೈಯಿಡುವ ಕಡೆ, ಆಮೇಲೆ ನಾಲ್ಕು ಕಾಲುಗಳ ಟೊಳ್ಳಿನೊಳಗೂ ತೆಂಗಿನ ನಾರು ತುರುಕಿ. ಭಾಗ್ಯಮ್ಮ ಸಹಾಯಕ್ಕೆ ಬಾಗಿದಾಗ ಮೊಣಕೈಯಿಂದಲೇ ಆಚೆ ಸರಿಸಲು ಹೋದವರು, ಮುಟ್ಟುವ ಮುಂಚೆ ತಡೆದುಕೊಂಡು, “ನೀನ್ ಆ ಕಡೆ ಇರೇ” ಎಂದಷ್ಟೇ ಅಂದರು. ತೊಳೆದಾದ ಮೇಲೆ ಕುರ್ಚಿಯನ್ನು ಎತ್ತಿಕೊಂಡು ಹೋಗಿ ತಟ್ಟೆಗಳ ಸಾಲಿನಲ್ಲಿ, ಬಿಸಿಲು ನೇರ ಬೀಳುವ ಜಾಗದಲ್ಲಿ ಇಟ್ಟರು.